ಹೊಳೆಯಾಚೆಯ ಕೋಟೆ

ಮೂವತ್ತು ವರ್ಷಗಳಿಂದ ಹೈಸ್ಕೂಲು ಮಕ್ಕಳಿಗೆ ಕೆಳದಿ ನಾಯಕರ ಪಾಠ ಮಾಡುತ್ತಾ ಬಂದವಳು ನಾನು. ಶಿವಪ್ಪ ನಾಯಕ, 1645ರಿಂದ 1660. ಭೂಮಿಯ ಫಲವತ್ತತೆ ನೋಡಿ ಕಂದಾಯ ಗೊತ್ತುಮಾಡಿದ 'ಶಿಸ್ತು'. ದಕ್ಷಿಣದಲ್ಲಿ ನೀಲೇಶ್ವರದವರೆಗೆ ರಾಜ್ಯ ವಿಸ್ತರಣೆ. ಇಷ್ಟನ್ನು ಬೋರ್ಡಿನ ಮೇಲೆ ಬರೆದು, ಭೂಪಟದ ಮೇಲೆ ಕೋಲನ್ನು ಮೇಲಿಂದ ಕೆಳಕ್ಕೆ ಸರ್ರನೆ ಎಳೆದರೆ ಪಾಠ ಮುಗಿಯಿತು. ಆ ಕೋಲು ಸರಿದ ಜಾಗವನ್ನು ಕಣ್ಣಾರೆ ಕಂಡದ್ದು ಮಾತ್ರ ಮೊನ್ನೆಯ ಡಿಸೆಂಬರಿನಲ್ಲಿ.

ಬಿ.ಎಡ್. ಓದುವಾಗ ಹಾಸ್ಟೆಲಿನಲ್ಲಿ ನನ್ನ ಜೊತೆಗಿದ್ದ ಗೆಳತಿ ಕಾಞಂಗಾಡಿನವಳು. ಅವಳ ಮನೆಯವರ ಬಾಯಲ್ಲಿ ಅದು ಇವತ್ತಿಗೂ ಹೊಸದುರ್ಗ. "ನಿಮ್ಮ ತುಮಕೂರು ಕಡೆಯವರಿಗೆ ಸಮುದ್ರ ಅಂದರೆ ಕುಣಿಗಲ್ ಕೆರೆ ಅಲ್ವಾ ಮಾರಾಯ್ತಿ" ಎಂದು ಆಗಲೇ ಚುಡಾಯಿಸುತ್ತಿದ್ದಳು. ಪ್ರತಿ ರಜೆಗೂ ಕರೆಯುತ್ತಿದ್ದಳು. ಮಕ್ಕಳ ಪರೀಕ್ಷೆ, ಅತ್ತೆಯವರ ಕಾಯಿಲೆ ಅಂತ ನಾನು ಹೋದವಳೇ ಅಲ್ಲ. ಈಗ ಮನೆ ಖಾಲಿ. ಹೊರಟೇಬಿಟ್ಟೆ.

ಕಾಸರಗೋಡಿನಿಂದ ದಕ್ಷಿಣಕ್ಕೆ ಚಂದ್ರಗಿರಿ ಹೊಳೆ ದಾಟಿ ಮುಂದೆ ಹೋದರೆ ಬೇಕಲ. ಸುಮಾರು ನಲವತ್ತು ಎಕರೆಯ ಕೋಟೆ. ಕಟ್ಟಿಸಿದವನು ಶಿವಪ್ಪ ನಾಯಕನೇ ಎನ್ನುತ್ತಾರೆ, ಹೆಚ್ಚುಕಡಿಮೆ 1650ರಲ್ಲಿ. ಬಾಗಿಲಲ್ಲೇ ಆಂಜನೇಯನ ಗುಡಿ. ಕೈಮುಗಿದು ಒಳಗೆ ಹೋಗಿ ಗೋಡೆ ಹಿಡಿದು ಒಂದು ಸುತ್ತು ಬಂದರೆ ಹೊರಟ ಬಾಗಿಲಿಗೇ ವಾಪಸು. ಮಂಡಿನೋವಿನವರೂ ನಿಧಾನವಾಗಿ ಸುತ್ತಬಹುದು, ನಾನೇ ಸಾಕ್ಷಿ. ಕೊಡೆ ಮಾತ್ರ ಮರೆಯಬೇಡಿ, ನೆರಳು ಕಡಿಮೆ.

ನಮ್ಮ ಕಡೆಯ ಕೋಟೆಗಳೆಂದರೆ ಕರೀ ಬಂಡೆಗಲ್ಲು. ಇಲ್ಲಿ ಎಲ್ಲವೂ ಕೆಂಪು ಮುರಕಲ್ಲು. ಮೆಟ್ಟಿಲುಗಳಿರುವ ಕೊಳ, ಮದ್ದಿನ ಮನೆ, ನಡುವೆ ದೊಡ್ಡ ಬುರುಜು. ಬುರುಜಿಗೆ ಮೆಟ್ಟಿಲಿಲ್ಲ, ಅಗಲವಾದ ಇಳಿಜಾರು ದಾರಿ. ಫಿರಂಗಿಯನ್ನು ಉರುಳಿಸಿಕೊಂಡು ಮೇಲಕ್ಕೆ ಒಯ್ಯಲು ಎಂದಳು ಗೆಳತಿ. ಮೇಲೆ ನಿಂತರೆ ಮೂರು ಕಡೆ ನೀರು. ಕುಣಿಗಲ್ ಕೆರೆ ಏರಿಯ ಮೇಲೆ ನಿಂತರೆ ಆಚೆ ದಡ ಕಾಣುತ್ತದೆ, ಮನಸ್ಸಿಗೆ ಒಂದು ಧೈರ್ಯ. ಇಲ್ಲಿ ಅದೂ ಇಲ್ಲ.

ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ಗೋಡೆಯ ಕಿಂಡಿಗಳು. ಮೇಲಿನ ಕಿಂಡಿಯಲ್ಲಿ ಕಣ್ಣಿಟ್ಟರೆ ದೂರದ ಸಮುದ್ರ ಕಾಣುತ್ತದೆ, ಅದರ ಕೆಳಗಿನದರಲ್ಲಿ ಹತ್ತಿರದ ನೆಲ, ತೀರಾ ಕೆಳಗಿನದರಲ್ಲಿ ಗೋಡೆಯ ಬುಡ. ಶತ್ರು ಹತ್ತಿರ ಬಂದಂತೆಲ್ಲ ಕಾವಲಿನವನು ಒಂದೊಂದೇ ಕಿಂಡಿ ಕೆಳಗಿಳಿಯಬೇಕು. ಬುಡದ ಕಿಂಡಿಗೆ ಬರುವ ಹೊತ್ತಿಗೆ ಅವನ ಎದೆ ಹೇಗೆ ಹೊಡೆದುಕೊಂಡಿರಬೇಡ! ನಾವು ಪಾಠದಲ್ಲಿ ರಾಜನ ಹೆಸರು ಹೇಳುತ್ತೇವೆ, ಕಿಂಡಿಯ ಹಿಂದಿದ್ದವನ ಹೆಸರು ಗೊತ್ತಿಲ್ಲ.

ಸಮುದ್ರಕ್ಕೆ ಚಾಚಿದ ಕೊತ್ತಲದ ಹತ್ತಿರ ಹುಡುಗ ಹುಡುಗಿಯರು ಫೋಟೋ ತೆಗೆಸಿಕೊಳ್ಳುತ್ತಿದ್ದರು. 1995ರ 'ಬಾಂಬೆ' ಸಿನಿಮಾದ ಹಾಡು ಇಲ್ಲೇ ತೆಗೆದದ್ದು. ಅಲ್ಲೇ ಕುಳಿತು ನಾನು ಹೊಟ್ಟೆಯೊಳಗಿನ ಮಾತು ಆಡಿದೆ: "ನಮ್ಮ ಕೋಟೆ ಕೇರಳದ ಪಾಲಾಯಿತಲ್ಲೇ."

ಅವಳು ನಕ್ಕಳು. "ಬರುವಾಗ ಹೊಳೆ ದಾಟಿದೆಯಲ್ಲ, ನೆನಪುಂಟಾ?"

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಕಯ್ಯಾರ ಕಿಞ್ಞಣ್ಣ ರೈಗಳಂಥವರು ಜೀವನವಿಡೀ ಅದಕ್ಕಾಗಿ ಹೋರಾಡಿದರು. 1967ರ ಮಹಾಜನ ವರದಿ ಹೊಳೆಯ ಉತ್ತರದ ನೆಲ ಕನ್ನಡನಾಡಿಗೆ ಸೇರಲಿ ಎಂದಿತು, ಅದು ಜಾರಿಗೆ ಬರಲಿಲ್ಲ. ಆ ನೋವು ಸುಳ್ಳಲ್ಲ. ಆದರೆ ಆ ವರದಿಯ ಪ್ರಕಾರವೂ ಬೇಕಲ ಹೊಳೆಯ ದಕ್ಷಿಣಕ್ಕೇ, ಕೇರಳದಲ್ಲೇ ಉಳಿಯುತ್ತಿತ್ತು! ಕೆಳದಿಯವರು ಬರುವ ಮೊದಲು ಇದು ಕೋಲತ್ತಿರಿ ಅರಸರ ಸೀಮೆ. ಹೊಳೆ ದಾಟಿ ಬಂದವರು ನಮ್ಮವರು. 'ವಿಸ್ತರಣೆ' ಎಂದು ನಾನು ಅಷ್ಟು ವರ್ಷ ಬೋರ್ಡಿನ ಮೇಲೆ ಬರೆದದ್ದು ಇಲ್ಲಿಯವರಿಗೆ ಏನಾಗಿ ಕಂಡಿರಬೇಕು? 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದಾಗ ಅದನ್ನು ನಾವು 'ಪತನ' ಎಂದು ಬರೆಸುತ್ತೇವೆ. ಪದ ಬದಲಾಗುವುದು ನಾವು ಎಲ್ಲಿ ನಿಂತಿದ್ದೇವೆ ಎಂಬುದರ ಮೇಲೆ. ದೇವರಾಯನದುರ್ಗವೂ ಹಾಗೇ ಅಲ್ಲವೆ? ಚಿಕ್ಕದೇವರಾಜ ಒಡೆಯರು ಗೆಲ್ಲುವ ಮುಂಚೆ ಅದು ಜಡಕನದುರ್ಗ. ಆ ಜಡಕನನ್ನು ನಮ್ಮಲ್ಲಿ ಎಷ್ಟು ಜನ ನೆನೆಯುತ್ತಾರೆ?

ಮಧ್ಯಾಹ್ನ ಊಟಕ್ಕೆ ಅವಳ ಮನೆಗೆ ಹೋದೆವು. ಅವರದು ರಾಮಕ್ಷತ್ರಿಯರ ಮನೆತನ. ಕೋಟೆ ಕಾಯಲು ಕೆಳದಿಯವರು ಕರೆತಂದ ಸೈನಿಕರ ವಂಶ ತಮ್ಮದು ಎನ್ನುತ್ತಾರೆ. ಕೆಳದಿ ಹೋಯಿತು, ಹೈದರ್, ಟಿಪ್ಪು ಹೋದರು, ಕಂಪನಿ ಬಂತು, ಮದ್ರಾಸು ಪ್ರಾಂತ್ಯ ಬಂತು, ಕೇರಳವೂ ಬಂತು. ಮನೆಯೊಳಗಿನ ಮಾತು ಮಾತ್ರ ಕನ್ನಡವೇ. ತೊಂಬತ್ತರ ಹತ್ತಿರದ ಅವಳ ತಾಯಿ ನನಗೆ ಕನ್ನಡದಲ್ಲಿ ಉಪಚಾರ ಮಾಡುತ್ತಾ, ಬೇಲಿಯಾಚೆಯ ನೆರೆಯವಳೊಂದಿಗೆ ಅದೇ ಉಸಿರಿನಲ್ಲಿ ಮಲಯಾಳದಲ್ಲಿ ಮೀನಿನ ರೇಟು ಮಾತಾಡಿದರು. ಕಿಂಡಿಯ ಹಿಂದಿದ್ದವನ ಮೊಮ್ಮಗಳ ಮೊಮ್ಮಗಳು ಇವರೇ ಇರಬಹುದು ಅನ್ನಿಸಿತು. "ಇನ್ನೊಂದು ಸೌಟು ಹಾಕಲಾ? ಘಟ್ಟದ ಮೇಲಿನವರು ಊಟ ಮಾಡುವುದೇ ಇಷ್ಟಾ?" ಎಂದು ಗದರಿದರು.

ಜನವರಿಯಲ್ಲಿ ಮತ್ತೆ ಅದೇ ಪಾಠ. ಭೂಪಟದ ಮೇಲೆ ಕೋಲು ಚಂದ್ರಗಿರಿಯ ಹತ್ತಿರ ತಾನಾಗಿ ನಿಂತಿತು. ಗುಬ್ಬಿಯಿಂದ ಬಸ್ಸಿನಲ್ಲಿ ಬರುವ ಒಬ್ಬ ಹುಡುಗಿ ಎದ್ದು ನಿಂತು, "ಮಿಸ್, ಅಲ್ಲಿ ಮೊದಲು ಯಾರಿದ್ರು?" ಎಂದು ಕೇಳಿದಳು. ಪುಸ್ತಕದಲ್ಲಿ ಅದಿಲ್ಲ. ಕೋಲು ಕೆಳಗಿಟ್ಟು, ಬೋರ್ಡಿನ ಮೂಲೆಯಲ್ಲಿ 'ಕೋಲತ್ತಿರಿ' ಎಂದು ಬರೆದೆ. ಪರೀಕ್ಷೆಗೆ ಬರುತ್ತದಾ ಎಂದು ಹಿಂದಿನ ಬೆಂಚಿನಿಂದ ಯಾರೋ ಕೇಳಿದರು.