ಸೀನು, ಬೆವರು ಮತ್ತು ಮರ್ಯಾದೆ

ಸೀನು ಬಂದರೆ ಅರಸನೂ ಸೀನಬೇಕು, ಆಳೂ ಸೀನಬೇಕು. ಮೈಯ ಇಂಥ ಕೆಲಸಗಳಲ್ಲಿ ಮೇಲು ಕೀಳೆಂಬುದಿಲ್ಲ; ಅವುಗಳ ಹೆಸರಿನಲ್ಲಿ ಮಾತ್ರ ಉಂಟು. ಇಂಗ್ಲಿಷಿನ ಈ ಕ್ರಿಯಾಪದಗಳ ವಂಶಾವಳಿಯನ್ನು ಬಿಡಿಸಿ ನೋಡಿದರೆ, ನಾಲ್ಕು ಜನರೆದುರಿಗೆ ಆಡಬಾರದೆಂದು ದೂರವಿಟ್ಟ ಮಾತುಗಳೇ ಹಲವು ವೇಳೆ ಹಳೆಯ ಮನೆತನದವಾಗಿರುತ್ತವೆ.

ಬೆವರುವುದಕ್ಕೆ ಅವರ ಅಪ್ಪಟ ದೇಶ್ಯ ಮಾತು ‘ಸ್ವೆಟ್’. ಇದು ನಮ್ಮ ಸಂಸ್ಕೃತದ ‘ಸ್ವೇದ’ಕ್ಕೆ ದಾಯಾದಿ. ಸಂಸ್ಕೃತದಲ್ಲಿ ಪಕಾರವಿದ್ದೆಡೆ ಇಂಗ್ಲಿಷಿನಲ್ಲಿ ಫಕಾರವೂ, ದಕಾರವಿದ್ದೆಡೆ ಟಕಾರವೂ ಬರುವುದನ್ನು 1822ರಲ್ಲಿ ಸೂತ್ರವಾಗಿ ವಿವರಿಸಿದವನು ಜರ್ಮನಿಯ ಯಾಕೋಬ್ ಗ್ರಿಮ್. ಮಕ್ಕಳ ಕಥೆಗಳನ್ನು ಕೂಡಿಸಿದ ಸೋದರರಲ್ಲಿ ಹಿರಿಯ. ಅಲ್ಲಿ ‘ಪಾದ’, ಇಲ್ಲಿ ‘ಫುಟ್’. ಇದೇ ಅಳತೆಗೋಲನ್ನು ‘ಪರ್ದ’ ಎಂಬ ಸಂಸ್ಕೃತ ಧಾತುವಿಗೆ ಹಿಡಿದರೆ ಹೊರಬೀಳುವುದು ‘ಫಾರ್ಟ್’, ಎಂದರೆ ಹೂಸು ಬಿಡುವುದು! ನಮ್ಮ ಧಾತುಪಾಠಕಾರರು ‘ಕುತ್ಸಿತವಾದ ಶಬ್ದ’ ಎಂದು ಅದಕ್ಕೆ ಅರ್ಥ ಬರೆದು, ಮುಖ ಬಿಗಿದುಕೊಂಡು ಮುಂದಿನ ಧಾತುವಿಗೆ ಹೋಗಿದ್ದಾರೆ. ಇಂಗ್ಲೆಂಡಿನಲ್ಲಿ ಈ ಕ್ರಿಯಾಪದ 13ನೆಯ ಶತಮಾನದ ಒಂದು ಬೇಸಗೆಯ ಹಾಡಿನಲ್ಲಿ ಕಾಣಿಸುತ್ತದೆಂದು ಬಹುಮಂದಿ ವಿದ್ವಾಂಸರ ಮತ. ಆ ಹಸ್ತಪ್ರತಿಯಲ್ಲಿ ಅದೇ ಸಾಲುಗಳ ಕೆಳಗೆ, ಅದೇ ರಾಗಕ್ಕೆ, ಲ್ಯಾಟಿನ್ ಭಾಷೆಯ ಕ್ರಿಸ್ತಸ್ತುತಿಯೂ ಇದೆ. ಬರೆದವನಿಗೆ ಸಂಕೋಚವಿದ್ದಂತೆ ತೋರುವುದಿಲ್ಲ. 1755ರ ತನ್ನ ನಿಘಂಟಿನಲ್ಲಿ ಡಾಕ್ಟರ್ ಜಾನ್ಸನ್ ಕೂಡ ಈ ಮಾತಿಗೆ ಜಾಗ ಕೊಟ್ಟಿದ್ದಾನೆ.

ಸಂಕೋಚ ಹೆಚ್ಚಿದಂತೆ ಲ್ಯಾಟಿನ್ನಿನ ಪರದೆ ಬಂತು. ‘ಪರ್ಸ್ಪೈರ್’ ಎಂದರೆ ಮೂಲಾರ್ಥದಲ್ಲಿ ‘ಮೂಲಕ ಉಸಿರಾಡು’. ಚರ್ಮದ ರಂಧ್ರಗಳಿಂದ ಆವಿ ಹೊರಡುವುದಕ್ಕೆ ಸಲ್ಲುತ್ತಿದ್ದ ಮಾತು ಬರಬರುತ್ತ ಬೆವರಿನ ಮರ್ಯಾದಸ್ಥ ಹೆಸರಾಯಿತು. ಬೆವರುವುದು ಕುದುರೆಗಳ ಪಾಡೆಂದು ಅವರಲ್ಲೊಂದು ಹಾಸ್ಯವೂ ಹುಟ್ಟಿತು. ಹಣೆಬರಹ ನೋಡಿ: ನಮಗೆ ‘ಸ್ವೇದ’ ಕಾವ್ಯಕ್ಕೆ ಸಲ್ಲುವ ಮಾತು, ಅದರ ದಾಯಾದಿ ಅಲ್ಲಿ ಕುದುರೆಲಾಯಕ್ಕೆ!

ಹಾಗೆಂದು ದೇಶ್ಯವೆಲ್ಲ ಒರಟು, ಪರದೇಶದ್ದೆಲ್ಲ ನಯವೆಂದು ಲೆಕ್ಕ ಹಾಕುವಂತಿಲ್ಲ. ಉಚ್ಚೆ ಹೊಯ್ಯುವುದಕ್ಕೆ ಇಂಗ್ಲಿಷರು ಆಡುವ ಒರಟು ಮಾತು ಫ್ರೆಂಚರಿಂದ ಬಂದದ್ದು. 1611ರ ಬೈಬಲ್ ಅನುವಾದದಲ್ಲಿ ಅದು ನಿಸ್ಸಂಕೋಚವಾಗಿ ಕೂತಿತ್ತು. 1833ರಲ್ಲಿ ಅಮೆರಿಕದ ನಿಘಂಟುಕಾರ ನೋವಾ ವೆಬ್‌ಸ್ಟರ್ ಬೈಬಲನ್ನು ತಿದ್ದಿ ಅಚ್ಚು ಹಾಕಿಸಿದಾಗ ಇಂಥ ಮಾತುಗಳನ್ನು ಗುಡಿಸಿ ಹಾಕಿದ. ದೈವವಾಣಿಗೂ ಶುದ್ಧಿಪತ್ರ!

ಇವೆಲ್ಲಕ್ಕಿಂತ ವಿಚಿತ್ರವಾದದ್ದು ಸೀನಿನ ಕಥೆ. ಇಂದಿನ ‘ಸ್ನೀಜ್’ ಹಿಂದೆ ‘ಫ್ನೇಸೆನ್’ ಆಗಿತ್ತು. 1400ರಲ್ಲಿ ತೀರಿಕೊಂಡ ಚಾಸರ್ ಕವಿ ತನ್ನ ಕ್ಯಾಂಟರ್‌ಬರಿ ಕಥೆಗಳಲ್ಲಿ ಕುಡಿದು ಮತ್ತೇರಿದ ಅಡಿಗೆಯವನೊಬ್ಬನನ್ನು ಕುರಿತು ಈ ಮಾತನ್ನೇ ಬಳಸಿದ್ದಾನೆ. ಕ್ರಮೇಣ ಫಕಾರ ನಕಾರಗಳ ಈ ಜೋಡಿ ಜನರ ನಾಲಗೆಯಿಂದ ಜಾರಿತು. ಬರಹದಲ್ಲಿ ಮಾತ್ರ ಉಳಿಯಿತು. ಆ ಕಾಲದಲ್ಲಿ ಎಸ್ ಅಕ್ಷರವನ್ನು ಉದ್ದಕ್ಕೆ ಎಳೆದು ಬರೆಯುತ್ತಿದ್ದರು. ಅದಕ್ಕೂ ಎಫ್‌ಗೂ ನಡುವಿನ ಅಡ್ಡಗೆರೆಯೊಂದೇ ಭೇದ. ನಮ್ಮ ಪಕಾರಕ್ಕೂ ಹೊಟ್ಟೆ ಸೀಳಿದ ಷಕಾರಕ್ಕೂ ಇರುವಷ್ಟು. ಕೇಳಿ ತಿಳಿಯದೆ ಕಣ್ಣಿನಿಂದ ಓದಿದವರು ಎಫ್ ಅನ್ನು ಎಸ್ ಎಂದುಕೊಂಡರು, 15ನೆಯ ಶತಮಾನ ಮುಗಿಯುವುದರೊಳಗೆ ತಪ್ಪೇ ಒಪ್ಪಾಯಿತು ಎಂದು ನಿಘಂಟುಕಾರರು ಹೇಳುತ್ತಾರೆ. ಗೊರಕೆಯ ‘ಸ್ನೋರ್’, ಮೂಸುವ ‘ಸ್ನಿಫ್’ ಮೊದಲಾದ ಮೂಗಿನ ಬಳಗವೇ ಅಲ್ಲಿತ್ತಾದ್ದರಿಂದ ಹೊಸಬನನ್ನು ಯಾರೂ ಹೊರಗಿನವನೆಂದು ಕೇಳಲಿಲ್ಲ.

ಬಿಕ್ಕಳಿಕೆಯಲ್ಲಿ ನಡೆದದ್ದು ಇದರ ತಿರುವುಮುರುವು. ಕಿವಿಗೆ ಬಿದ್ದ ಸದ್ದನ್ನೇ ಹಿಡಿದು 16ನೆಯ ಶತಮಾನದಲ್ಲಿ ಕಟ್ಟಿದ ಮಾತು ‘ಹಿಕಪ್’. ಮುಂದಿನ ಶತಮಾನದಲ್ಲಿ ಯಾರೋ ಬುದ್ಧಿವಂತರು, ಇದರ ಬಾಲದಲ್ಲಿ ಕೆಮ್ಮು ಅಡಗಿದೆಯೆಂದು ಊಹಿಸಿ ‘ಕಾಫ್’ ಶಬ್ದದ ಕಾಗುಣಿತವನ್ನು ಅದಕ್ಕೆ ಅಂಟಿಸಿದರು. ಇದು ಬರಿಯ ಪ್ರಮಾದ, ಕೈಬಿಡತಕ್ಕದ್ದು ಎಂದು ಆಕ್ಸ್‌ಫರ್ಡ್ ನಿಘಂಟು ತೀರ್ಪು ಕೊಟ್ಟಿತು. ಇಂದಿಗೂ ಕೆಲವರು ಹಾಗೆಯೇ ಬರೆಯುತ್ತಾರೆ. ಬರೆದು, ‘ಹಿಕಪ್’ ಎಂದೇ ಓದುತ್ತಾರೆ.