ದಿಲ್ಲಿಯಿಂದ ಜಕಾರ್ತಕ್ಕೆ: ಏಷ್ಯದ ಆಟಗಳ ಹನ್ನೊಂದು ವರ್ಷ

ಆಟಗಳು ರಾಷ್ಟ್ರರಾಷ್ಟ್ರಗಳ ನಡುವೆ ಸ್ನೇಹವನ್ನು ಬೆಳೆಸುತ್ತವೆ ಎಂಬ ಮಾತನ್ನು ಬಹುಮಾನ ವಿತರಣೆಯ ಸಮಾರಂಭಗಳಲ್ಲಿ ಅಧ್ಯಕ್ಷರ ಬಾಯಿಂದ ನಾವೆಲ್ಲರೂ ಅನೇಕ ಸಲ ಕೇಳಿದ್ದೇವೆ. ಕೇಳಿ ಚಪ್ಪಾಳೆಯನ್ನೂ ತಟ್ಟಿದ್ದೇವೆ. ಆ ಮಾತು ಸುಳ್ಳೆಂದು ನಾವು ಹೇಳಲಾರೆವು. ಆದರೆ ಅದು ಯಾವಾಗ ನಿಜವಾಗುತ್ತದೆ, ಯಾವಾಗ ತಲೆಕೆಳಗಾಗುತ್ತದೆ ಎಂಬುದನ್ನು ಭಾಷಣಗಳಲ್ಲಿ ಹುಡುಕುವುದಕ್ಕಿಂತ ಇತಿಹಾಸದಲ್ಲಿ ಹುಡುಕುವುದು ಮೇಲು. ನಮ್ಮ ದೇಶಕ್ಕೆ ಸಂಬಂಧಪಟ್ಟ ಎರಡು ಕ್ರೀಡಾಕೂಟಗಳು ಈ ವಿಚಾರಕ್ಕೆ ಒಳ್ಳೆಯ ನಿದರ್ಶನಗಳಾಗಿವೆ. ಒಂದು 1951ರಲ್ಲಿ ದಿಲ್ಲಿಯಲ್ಲಿ ನಡೆದದ್ದು. ಮತ್ತೊಂದು 1962ರಲ್ಲಿ ಜಕಾರ್ತದಲ್ಲಿ ನಡೆದದ್ದು. ಎರಡರಲ್ಲಿಯೂ ಭಾರತವಿತ್ತು, ಇಂಡೋನೇಷ್ಯವಿತ್ತು, ಗುರುದತ್ತ ಸೋಂಧಿ ಎಂಬ ಒಬ್ಬ ಹಿರಿಯರಿದ್ದರು.

ಸೋಂಧಿಯವರು ಲಾಹೋರಿನ ಸರಕಾರಿ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿ, ಪ್ರಿನ್ಸಿಪಾಲರಾಗಿ ಹೆಸರು ಪಡೆದವರು. 1934ರಲ್ಲಿಯೇ ಪಶ್ಚಿಮ ಏಷ್ಯದ ಕೆಲವು ದೇಶಗಳನ್ನು ಸೇರಿಸಿ ಒಂದು ಸಣ್ಣ ಕೂಟವನ್ನು ನಡೆಸಿದ್ದರು. ಏಷ್ಯದ ದೇಶಗಳು ಪರಕೀಯರ ಆಳ್ವಿಕೆಯಿಂದ ಒಂದೊಂದಾಗಿ ಬಿಡುಗಡೆ ಹೊಂದುತ್ತಿದ್ದ ಆ ಕಾಲದಲ್ಲಿ, ಅಕ್ಕಪಕ್ಕದಲ್ಲಿದ್ದರೂ ಒಬ್ಬರ ಮುಖ ಒಬ್ಬರು ಕಾಣದೆ ಇದ್ದ ಈ ರಾಷ್ಟ್ರಗಳ ತರುಣರು ಒಂದು ಅಂಗಳದಲ್ಲಿ ಕೂಡಬೇಕೆಂಬುದು ಅವರ ಹಂಬಲ. 1948ರಲ್ಲಿ ಲಂಡನ್ ಒಲಿಂಪಿಕ್ಸ್‌ಗೆ ಬಂದಿದ್ದ ಏಷ್ಯದ ಪ್ರತಿನಿಧಿಗಳನ್ನು ಕಲೆಹಾಕಿ ಅವರು ಮಾತು ತೆಗೆದರು. 1949ರ ಫೆಬ್ರವರಿಯಲ್ಲಿ ದಿಲ್ಲಿಯಲ್ಲಿ ಏಷ್ಯನ್ ಗೇಮ್ಸ್ ಫೆಡರೇಷನ್ ವಿಧ್ಯುಕ್ತವಾಗಿ ಹುಟ್ಟಿತು. ಕೂಟವು 1950ರಲ್ಲಿಯೇ ನಡೆಯಬೇಕಾಗಿದ್ದು, ಸಿದ್ಧತೆ ಮುಗಿಯದೆ ಒಂದು ವರ್ಷ ಮುಂದೆ ಹೋಯಿತು. ಮುಂಬಯಿಯ ಕ್ರಿಕೆಟ್ ಲೋಕದಲ್ಲಿ ಪ್ರಖ್ಯಾತರಾಗಿದ್ದ ಆಂಟನಿ ಡಿ ಮೆಲ್ಲೊ ಅವರು ವ್ಯವಸ್ಥೆಯ ಹೊಣೆಯನ್ನು ಹೊತ್ತು, ಹಣವೂ ಕಾಲವೂ ಸಾಲದಿದ್ದ ಸ್ಥಿತಿಯಲ್ಲಿ ಅಂತೂ ಅದನ್ನು ದಡ ಸೇರಿಸಿದರು.

1951ರ ಮಾರ್ಚ್ 4ರಂದು ರಾಷ್ಟ್ರಪತಿ ರಾಜೇಂದ್ರ ಪ್ರಸಾದರು ಕೂಟವನ್ನು ಆರಂಭಿಸಿದರು. ಬಂದ ದೇಶಗಳು ಹನ್ನೊಂದು. ಪಾಕಿಸ್ತಾನ ಬರಲಿಲ್ಲ. ಕೊರಿಯದಲ್ಲಿ ಯುದ್ಧವೇ ನಡೆಯುತ್ತಿತ್ತು. ಆದರೆ ಬಂದವರಲ್ಲಿ ಒಂದು ದೇಶದ ಹೆಸರು ಎಲ್ಲರ ಕಣ್ಣನ್ನೂ ಸೆಳೆಯಿತು, ಅದು ಜಪಾನು.

ಜಪಾನಿನ ಆ ದಿನದ ಸ್ಥಿತಿಯನ್ನು ವಾಚಕರು ಸ್ವಲ್ಪ ನೆನೆಯಬೇಕು. ಯುದ್ಧದಲ್ಲಿ ಸೋತು ಆರು ವರ್ಷವೂ ತುಂಬಿರಲಿಲ್ಲ. ದೇಶವು ಇನ್ನೂ ಮಿತ್ರರಾಷ್ಟ್ರಗಳ ಸೇನೆಯ ಅಧೀನದಲ್ಲಿತ್ತು. ಶಾಂತಿಯ ಕರಾರಿಗೆ ಸಹಿ ಬಿದ್ದದ್ದು ಅದೇ ವರ್ಷ ಸೆಪ್ಟೆಂಬರಿನಲ್ಲಿ. 1948ರ ಲಂಡನ್ ಒಲಿಂಪಿಕ್ಸ್‌ಗೆ ಜರ್ಮನಿಯನ್ನೂ ಜಪಾನನ್ನೂ ಕರೆದಿರಲಿಲ್ಲ. ಇತ್ತ ದಿಲ್ಲಿಗೆ ಬಂದಿದ್ದ ಬರ್ಮ, ಸಿಂಗಪುರ, ಇಂಡೋನೇಷ್ಯ, ಫಿಲಿಪೈನ್ಸ್ ಇವೆಲ್ಲ ಜಪಾನೀ ಸೈನಿಕರ ಬೂಟಿನ ಕೆಳಗೆ ನರಳಿದ ನಾಡುಗಳು. 1945ರಲ್ಲಿ ಮನಿಲಾ ನಗರ ಹೇಗೆ ನೆಲಸಮವಾಯಿತೆಂಬುದನ್ನು ಅಲ್ಲಿಯ ಆಟಗಾರರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹೀಗಿದ್ದೂ ಭಾರತ ಜಪಾನನ್ನು ಕರೆಯಿತು, ಉಳಿದವರು ಒಪ್ಪಿ ಅದರ ಜೊತೆ ಅಂಗಳಕ್ಕೆ ಇಳಿದರು. ಜಪಾನು 24 ಚಿನ್ನದ ಪದಕಗಳನ್ನು ಗೆದ್ದು ಮೊದಲನೆಯದಾಯಿತು. ನಮಗೆ 15 ಚಿನ್ನ, ಎರಡನೆಯ ಸ್ಥಾನ. ಈಜುಗಾರ ಸಚಿನ್ ನಾಗ್ ಭಾರತಕ್ಕೆ ಮೊದಲ ಚಿನ್ನ ತಂದರು. ಕಾಲ್ಚೆಂಡಾಟದಲ್ಲಿ ನಮ್ಮವರು ಇಂಡೋನೇಷ್ಯವನ್ನೂ ಅಫ್ಘಾನಿಸ್ತಾನವನ್ನೂ ಸೋಲಿಸಿ, ಕೊನೆಗೆ ಇರಾನಿನ ಮೇಲೆ ಮೇವಾಲಾಲ್ ಹೊಡೆದ ಒಂದೇ ಗೋಲಿನಿಂದ ಗೆದ್ದರು. ಆ ತಂಡದಲ್ಲಿ ಬೆಂಗಳೂರಿನ ಅಹಮದ್ ಖಾನ್ ಇದ್ದರೆಂಬುದು ನಮಗೆ ಅಭಿಮಾನದ ಸಂಗತಿ.

ಪದಕಗಳ ಲೆಕ್ಕ ಇಲ್ಲಿ ಮುಖ್ಯವಲ್ಲ. ಸೋತ ಜಪಾನಿಗೆ ನೆರೆಹೊರೆಯವರ ನಡುವೆ ತಲೆಯೆತ್ತಿ ನಿಲ್ಲುವ ಅವಕಾಶ ದೊರೆತ ಮೊದಲ ದೊಡ್ಡ ಕೂಟ ದಿಲ್ಲಿಯದು. ಭಾರತವು ಸಾನ್ ಫ್ರಾನ್ಸಿಸ್ಕೋದ ಕರಾರಿಗೆ ಸೇರದೆ, 1952ರ ಜೂನಿನಲ್ಲಿ ಬೇರೆಯಾಗಿಯೇ ಜಪಾನಿನೊಡನೆ ಶಾಂತಿಯ ಒಪ್ಪಂದ ಮಾಡಿಕೊಂಡು ಯುದ್ಧ ಪರಿಹಾರದ ಹಣವನ್ನು ಬಿಟ್ಟುಕೊಟ್ಟಿತು. ಆಟದಿಂದಲೇ ಈ ಒಪ್ಪಂದ ಬಂತೆಂದು ಹೇಳುವುದು ಅತಿಶಯೋಕ್ತಿಯಾದೀತು. ಮೊದಲೇ ಇದ್ದ ಸದ್ಭಾವ ಆಟದ ಅಂಗಳದಲ್ಲಿ ಎಲ್ಲರಿಗೂ ಕಾಣುವಂತಾಯಿತು ಎನ್ನುವುದೇ ಸರಿ.

ಆ ಸದ್ಭಾವದ ಕಥೆಯಲ್ಲಿ ನಮ್ಮ ಕನ್ನಡಕ್ಕೂ ಒಂದು ಪಾಲುಂಟು; ಪ್ರಸಂಗಕ್ಕೆ ಸ್ವಲ್ಪ ಹೊರಗಾದರೂ ಹೇಳದೆ ಬಿಡಲು ಮನಸ್ಸು ಬಾರದು. ಯುದ್ಧಕಾಲದಲ್ಲಿ ಟೋಕಿಯೋದ ಮೃಗಾಲಯದ ಆನೆಗಳನ್ನು ಕೊಲ್ಲಲಾಗಿತ್ತು. ನಮಗೊಂದು ಆನೆ ಬೇಕೆಂದು ಅಲ್ಲಿಯ ಮಕ್ಕಳು ಬರೆದ ಕಾಗದಗಳನ್ನು ನೋಡಿ ನೆಹರೂ ಅವರು 1949ರಲ್ಲಿ ತಮ್ಮ ಮಗಳ ಹೆಸರನ್ನಿಟ್ಟು ‘ಇಂದಿರಾ’ ಎಂಬ ಆನೆಯನ್ನು ಕಳುಹಿಸಿದರು. ಅದು ಮೈಸೂರು ಸೀಮೆಯ ಆನೆ. ಅದಕ್ಕೆ ತಿಳಿಯುತ್ತಿದ್ದದ್ದು ಕನ್ನಡದ ಮಾತು. ಟೋಕಿಯೋದ ಪಾಲಕರು ನಮ್ಮ ಮಾವುತರಿಂದ ಆ ಮಾತುಗಳನ್ನು ಕಲಿತುಕೊಳ್ಳಬೇಕಾಯಿತು. ಪರಊರಿನಲ್ಲಿ ಮಕ್ಕಳಿಗೆ ಕನ್ನಡ ಕಲಿಸಲು ಪಡುವ ಪಾಡು ನಮಗೆ ಗೊತ್ತು. ಆನೆಯೊಂದು ಜಪಾನೀಯರಿಗೇ ಕಲಿಸಿತಲ್ಲಾ ಎಂದು ನಗು ಬರುತ್ತದೆ!

ಇನ್ನು ಜಕಾರ್ತದ ಮಾತು.

ಭಾರತಕ್ಕೂ ಇಂಡೋನೇಷ್ಯಕ್ಕೂ ಮೊದಲಿದ್ದ ಸ್ನೇಹ ಸಾಮಾನ್ಯವಾದುದಲ್ಲ. 1947ರಲ್ಲಿ ಬಿಜು ಪಟ್ನಾಯಕರು ಡಚ್ಚರ ಕಣ್ಣು ತಪ್ಪಿಸಿ ಜಾವಾದಿಂದ ಶಾರೀರ್ ಅವರನ್ನು ವಿಮಾನದಲ್ಲಿ ಕರೆತಂದದ್ದು ಸಾಹಸದ ಕಥೆಯಂತಿದೆ. 1949ರ ಜನವರಿಯಲ್ಲಿ ನೆಹರೂ ಅವರು ಇಂಡೋನೇಷ್ಯದ ಸ್ವಾತಂತ್ರ್ಯಕ್ಕಾಗಿಯೇ ದಿಲ್ಲಿಯಲ್ಲಿ ಸಮ್ಮೇಳನ ಕರೆದರು. 1950ರಲ್ಲಿ ನಮ್ಮ ಮೊತ್ತಮೊದಲ ಗಣರಾಜ್ಯೋತ್ಸವದ ಅತಿಥಿ ಅಧ್ಯಕ್ಷ ಸುಕಾರ್ನೋ ಅವರೇ. 1955ರ ಬಾಂಡುಂಗ್ ಸಮ್ಮೇಳನವಂತೂ ಪ್ರಸಿದ್ಧವಾಗಿದೆ. ಆದರೆ 1961ರ ಬೆಲ್‌ಗ್ರೇಡ್ ಸಭೆಯ ಹೊತ್ತಿಗೆ ಇಬ್ಬರು ನಾಯಕರ ದಾರಿಗಳೂ ಬೇರೆಯಾಗತೊಡಗಿದ್ದವು. ಸುಕಾರ್ನೋ ಅವರಿಗೆ ವಸಾಹತುಶಾಹಿಯ ವಿರುದ್ಧ ಹೋರಾಟವೇ ಮೊದಲು. ನೆಹರೂ ಅವರಿಗೆ ಅಣ್ವಸ್ತ್ರದ ಭಯವೇ ಮೊದಲು. ಪೀಕಿಂಗಿನೊಡನೆ ಇಂಡೋನೇಷ್ಯಕ್ಕೆ ನಂಟು ಬೆಳೆಯುತ್ತಿತ್ತು. ಅದೇ ವೇಳೆ ನಮ್ಮ ಉತ್ತರದ ಗಡಿಯಲ್ಲಿ ಚೀನದೊಡನೆ ಜಗಳ ಏರುತ್ತಿತ್ತು.

1962ರ ಆಗಸ್ಟ್ 24ರಂದು ಜಕಾರ್ತದಲ್ಲಿ ನಾಲ್ಕನೆಯ ಏಷ್ಯನ್ ಕೂಟ ಆರಂಭವಾಯಿತು. ಸೋವಿಯೆತ್ ಸಾಲದಿಂದ ಕಟ್ಟಿದ ಸೆನಯಾನ್ ಕ್ರೀಡಾಂಗಣ. ಜಪಾನು ಕೊಟ್ಟ ಯುದ್ಧ ಪರಿಹಾರದ ಹಣದಿಂದ ಕಟ್ಟಿದ ಹೋಟೆಲ್ ಇಂಡೋನೇಷ್ಯ. ಬಡ ದೇಶವೊಂದು ಮೈಯೆಲ್ಲಾ ಕೈಯಾಗಿ ಮಾಡಿದ ಸಿದ್ಧತೆ ಅದು. ಆದರೆ ಅರಬ್ ದೇಶಗಳನ್ನೂ ಪೀಕಿಂಗನ್ನೂ ಮೆಚ್ಚಿಸುವ ಉದ್ದೇಶದಿಂದ ಇಂಡೋನೇಷ್ಯ ಸರಕಾರವು ಇಸ್ರೇಲಿನ ಮತ್ತು ತೈವಾನಿನ ತಂಡಗಳಿಗೆ ಪ್ರವೇಶ ಕೊಡಲಿಲ್ಲ. ಎದುರಿಗೆ ನಿಂತು ‘ಬೇಡ’ ಎಂದು ಹೇಳಿದ್ದರೂ ಒಂದು ಮಾತು. ಗುರುತಿನ ಚೀಟಿಗಳನ್ನು ಕಳುಹಿಸಬೇಕಾದ ಕಡೆ ಬರಿಯ ಖಾಲಿ ಕಾಗದಗಳನ್ನು ಕಳುಹಿಸಿದರು.

ಫೆಡರೇಷನ್ನಿನ ನಿಯಮದಂತೆ ಸದಸ್ಯರೆಲ್ಲರಿಗೂ ಕರೆ ಹೋಗಲೇಬೇಕು. ಸೋಂಧಿಯವರು ಆಗ ಫೆಡರೇಷನ್ನಿನ ಉಪಾಧ್ಯಕ್ಷರು, ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಸದಸ್ಯರು. ಇಬ್ಬರನ್ನು ಹೊರಗಿಟ್ಟ ಕೂಟಕ್ಕೆ ‘ಏಷ್ಯನ್ ಗೇಮ್ಸ್’ ಎಂಬ ಹೆಸರು ಸಲ್ಲದು ಎಂದು ಅವರು ಹಠ ಹಿಡಿದರು. ಭಾರ ಎತ್ತುವ ಸ್ಪರ್ಧೆಗೆ ಅದರ ಅಂತರರಾಷ್ಟ್ರೀಯ ಸಂಸ್ಥೆ ಮಾನ್ಯತೆ ಕೊಡಲಿಲ್ಲ. ಸೋಂಧಿಯವರು ಮಾತನಾಡುತ್ತಿದ್ದದ್ದು ತಾವೇ ಹುಟ್ಟಿಸಿದ ಸಂಸ್ಥೆಯ ಪರವಾಗಿ; ಆದರೆ ಜಕಾರ್ತದ ಬೀದಿಗೆ ಅವರು ಕಂಡದ್ದು ಭಾರತೀಯರಾಗಿ. ಮನೆ ತುಂಬ ನೆಂಟರು ಸೇರಿದ ಮೇಲೆ ಹಬ್ಬ ಹಬ್ಬವೇ ಅಲ್ಲ ಎಂದು ಒಬ್ಬ ನೆಂಟ ಹೇಳಿದಂತೆ ಅವರಿಗೆ ತೋರಿತು. ಸೆಪ್ಟೆಂಬರ್ 3ರಂದು ಗುಂಪೊಂದು ಭಾರತದ ರಾಯಭಾರ ಕಚೇರಿಗೆ ನುಗ್ಗಿ ಧ್ವಂಸ ಮಾಡಿತು. ಆಗ ಅಲ್ಲಿ ರಾಯಭಾರಿಯಾಗಿದ್ದವರು ಔಂಧ ಸಂಸ್ಥಾನದ ರಾಜಮನೆತನದ ಅಪ್ಪಾ ಪಂತರು. ಸೋಂಧಿಯವರನ್ನು ಹುಡುಕಿಕೊಂಡು ಗುಂಪು ಹೋಟೆಲಿಗೂ ಹೋಯಿತು. ಅವರು ದೇಶವನ್ನೇ ಬಿಟ್ಟು ಹೊರಡಬೇಕಾಯಿತು.

ನಿಯಮದ ದೃಷ್ಟಿಯಿಂದ ಸೋಂಧಿಯವರದೇ ಸರಿಯೆಂದು ನಮ್ಮ ಅಭಿಪ್ರಾಯ. ಆದರೆ ಈ ಪ್ರಸಂಗವನ್ನು ಓದುವಾಗ ನಮ್ಮ ಮನಸ್ಸು ಹೋಗುವುದು ಬೇರೆಯವರ ಕಡೆಗೆ. ಜಕಾರ್ತದ ಪಾಸಾರ್ ಬಾರು ಪೇಟೆಯಲ್ಲಿ ಬಟ್ಟೆಯ ಅಂಗಡಿ ಇಟ್ಟುಕೊಂಡಿದ್ದ ಭಾರತೀಯ ಕುಟುಂಬಗಳಿದ್ದವು. ಆ ಸಂಜೆ ಅವರು ಬಾಗಿಲನ್ನು ಎಷ್ಟು ಬೇಗ ಹಾಕಿಕೊಂಡಿರಬಹುದು? ನಿನ್ನೆಯವರೆಗೆ ಹೆಸರು ಹಿಡಿದು ಕರೆಯುತ್ತಿದ್ದ ಗಿರಾಕಿಯ ಮುಖವನ್ನು ಮರುದಿನ ಹೇಗೆ ನೋಡಿರಬಹುದು? ಹುಟ್ಟಿದ ನಾಡೊಂದು, ಅನ್ನ ಕೊಡುವ ನಾಡೊಂದು ಆದವರಿಗೆ, ಎರಡು ನಾಡುಗಳೂ ಜಗಳವಾಡುವ ದಿನ ಯಾವ ಪಂದ್ಯವೂ ಬರಿಯ ಪಂದ್ಯವಾಗಿರುವುದಿಲ್ಲವೆಂಬುದನ್ನು ಈ ಸಂಚಿಕೆಯ ವಾಚಕರಿಗೆ ವಿವರಿಸಬೇಕಾಗಿಲ್ಲ.

ಮರುದಿನವೇ, ಸೆಪ್ಟೆಂಬರ್ 4ರಂದು, ಕಾಲ್ಚೆಂಡಿನ ಅಂತಿಮ ಪಂದ್ಯ: ಭಾರತ ಮತ್ತು ದಕ್ಷಿಣ ಕೊರಿಯ. ಕೂಟದ ಮೊದಲ ಪಂದ್ಯದಲ್ಲಿ ಇದೇ ಕೊರಿಯಕ್ಕೆ ನಮ್ಮವರು 2-0 ಅಂತರದಿಂದ ಸೋತಿದ್ದರು. ತಂಡದ ಶಿಕ್ಷಕರು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮರು. ಕ್ಯಾನ್ಸರ್ ಅವರ ದೇಹವನ್ನು ತಿನ್ನುತ್ತಿತ್ತು. ನಾಯಕರು ಚುನಿ ಗೋಸ್ವಾಮಿ. ಜರ್ನೈಲ್ ಸಿಂಗರ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಿತ್ತು. ಕಾವಲಿನ ಆಟಗಾರರಾದ ಅವರನ್ನು ರಹೀಮರು ಮುನ್ಪಡೆಯಲ್ಲಿ ಆಡಿಸಿದರು. ಮುಂಬಯಿಯಲ್ಲಿ ಟಾಟಾ ತಂಡಕ್ಕೆ ಆಡುತ್ತಿದ್ದ ಫೊರ್ಚುನಾಟೊ ಫ್ರಾಂಕೊ ಕೂಡ ಆ ತಂಡದವರು. ಬಸ್ಸಿನ ಮೇಲಿದ್ದ ಧ್ವಜವನ್ನು ತೆಗೆದು, ಪಗಡಿಯ ಸಿಖ್ಖರು ಕಿಟಕಿಗೆ ಕಾಣದಂತೆ ಕೆಳಗೆ ಕುಳಿತು ಕ್ರೀಡಾಂಗಣಕ್ಕೆ ಹೋದೆವೆಂದು ಆ ಆಟಗಾರರು ಅನೇಕ ವರ್ಷಗಳ ತರುವಾಯವೂ ಹೇಳುತ್ತಿದ್ದರು. ಸುಮಾರು ಒಂದು ಲಕ್ಷ ಜನ ನೆರೆದಿದ್ದ ಕ್ರೀಡಾಂಗಣ ನಮ್ಮ ರಾಷ್ಟ್ರಗೀತೆಗೇ ಕೂಗು ಹಾಕಿತು. ಚೆಂಡು ಭಾರತೀಯನ ಕಾಲಿಗೆ ತಾಗಿದಾಗಲೆಲ್ಲ ಗೇಲಿ.

ಅಷ್ಟು ಜನರ ನಡುವೆ ಭಾರತಕ್ಕೆ ಜಯಕಾರ ಹಾಕಿದವರು ಯಾರೆಂದರೆ ಪಾಕಿಸ್ತಾನದ ಹಾಕಿ ಆಟಗಾರರು! ನಮ್ಮನ್ನೇ 2-0 ಅಂತರದಿಂದ ಸೋಲಿಸಿ ಚಿನ್ನ ಗೆದ್ದಿದ್ದ ಅವರು ಆ ದಿನ ನಮ್ಮ ಪಕ್ಷ ಹಿಡಿದು ಕೂಗಿದರೆಂದು ನಮ್ಮ ಆಟಗಾರರೇ ಕೃತಜ್ಞತೆಯಿಂದ ಸ್ಮರಿಸಿದ್ದಾರೆ. ಹದಿನೇಳನೆಯ ನಿಮಿಷದಲ್ಲಿ ಪಿ. ಕೆ. ಬ್ಯಾನರ್ಜಿ, ಇಪ್ಪತ್ತನೆಯ ನಿಮಿಷದಲ್ಲಿ ಜರ್ನೈಲ್ ಸಿಂಗ್ ಗೋಲು ಹೊಡೆದರು. ಕೊರಿಯ ಕೊನೆಯಲ್ಲಿ ಒಂದನ್ನು ತೀರಿಸಿತಾದರೂ 2-1ರಿಂದ ಚಿನ್ನ ಭಾರತದ್ದಾಯಿತು. ಮುಂದಿನ ವರ್ಷ ಜೂನಿನಲ್ಲಿ ರಹೀಮರು ತೀರಿಕೊಂಡರು. ಆ ಬಳಿಕ ಏಷ್ಯನ್ ಕೂಟದ ಕಾಲ್ಚೆಂಡಿನಲ್ಲಿ ಭಾರತ ಚಿನ್ನ ಗೆದ್ದಿಲ್ಲ.

ಗೆಲುವಿನಿಂದ ಸ್ನೇಹವೇನೂ ಚಿಗುರಲಿಲ್ಲ. ಆರು ವಾರ ಕಳೆದು ಅಕ್ಟೋಬರ್ 20ರಂದು ಚೀನದ ಸೈನ್ಯ ನಮ್ಮ ಗಡಿ ದಾಟಿದಾಗ ಬಾಂಡುಂಗಿನ ಹಳೆಯ ಮಿತ್ರನಿಂದ ನಾವು ನಿರೀಕ್ಷಿಸಿದ ಬೆಂಬಲ ಬರಲಿಲ್ಲ. 1965ರ ಯುದ್ಧದಲ್ಲಿ ಇಂಡೋನೇಷ್ಯವು ಪಾಕಿಸ್ತಾನದ ಕಡೆಗೆ ನಿಂತಿತು. ಇದಕ್ಕೆಲ್ಲ ಆಟದ ಜಗಳವೇ ಕಾರಣವೆನ್ನುವವರನ್ನು ನಾವು ಒಪ್ಪುವುದಿಲ್ಲ. ಗೋಡೆ ಮೊದಲೇ ಬಿರುಕು ಬಿಟ್ಟಿತ್ತು. ಆ ಬಿರುಕು ಲಕ್ಷ ಜನರ ಎದುರಿಗೆ ಕಂಡದ್ದು ಮಾತ್ರ ಜಕಾರ್ತದಲ್ಲಿ.

ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯು 1963ರ ಫೆಬ್ರವರಿಯಲ್ಲಿ ಇಂಡೋನೇಷ್ಯವನ್ನು ಹೊರಗಿಟ್ಟಿತು. ಸುಕಾರ್ನೋ ಅವರು ಸುಮ್ಮನೆ ಕೂಡುವವರಲ್ಲ. ಕ್ರೀಡೆಯನ್ನು ರಾಜಕೀಯದಿಂದ ಬೇರ್ಪಡಿಸಲಾಗದೆಂದು ಸಾರಿ, ಅದೇ ವರ್ಷ ನವೆಂಬರಿನಲ್ಲಿ ‘ಗಾನೆಫೊ’ ಎಂಬ ಬೇರೊಂದು ಕೂಟವನ್ನೇ ಜಕಾರ್ತದಲ್ಲಿ ನಡೆಸಿದರು. ಸುಮಾರು 50 ದೇಶಗಳವರು ಬಂದರು, ಚೀನ ಮೊದಲನೆಯದಾಯಿತು. ಅದರಲ್ಲಿ ಭಾಗವಹಿಸಿದ ಓಟಗಾರರಿಗೂ ಈಜುಗಾರರಿಗೂ 1964ರ ಟೋಕಿಯೋ ಒಲಿಂಪಿಕ್ಸ್‌ನ ಬಾಗಿಲು ಮುಚ್ಚಿತು.

ಹಾಗೆ ಬಾಗಿಲು ಮುಚ್ಚಿಸಿಕೊಂಡವರಲ್ಲಿ ಉತ್ತರ ಕೊರಿಯದ ಶಿನ್ ಗುಮ್ ದಾನ್ ಎಂಬ ತರುಣಿ ಒಬ್ಬಳು. 400 ಮತ್ತು 800 ಮೀಟರ್ ಓಟಗಳಲ್ಲಿ ಅವಳಿಗೆ ಸಮಾನರಿರಲಿಲ್ಲ. ಆದರೆ ಗಾನೆಫೊದಲ್ಲಿ ಅವಳು ಓಡಿದ ವೇಗವನ್ನು ದಾಖಲೆಯೆಂದು ಯಾರೂ ಮಾನ್ಯ ಮಾಡಲಿಲ್ಲ. ಕೊರಿಯದ ಯುದ್ಧದಲ್ಲಿ ಅವಳ ತಂದೆ ದಕ್ಷಿಣಕ್ಕೆ ಹೋಗಿ ಅಲ್ಲಿಯೇ ಸಿಕ್ಕಿಕೊಂಡಿದ್ದರು. ಮಗಳು ಟೋಕಿಯೋಗೆ ಬಂದಿದ್ದಾಳೆಂದು ತಿಳಿದು ಅವರು ಅಲ್ಲಿಗೆ ಧಾವಿಸಿದರು. ಉತ್ತರ ಕೊರಿಯದ ತಂಡ ಸ್ಪರ್ಧೆಯನ್ನೇ ತೊರೆದು ಹೊರಟುನಿಂತಿತ್ತು. ಹದಿನಾಲ್ಕು ವರ್ಷಗಳ ಅಗಲಿಕೆಯ ಮೇಲೆ ತಂದೆಮಗಳಿಗೆ ದೊರೆತದ್ದು ಕೆಲವೇ ನಿಮಿಷ. ಮರುದಿನ, ಅಕ್ಟೋಬರ್ 10ರಂದು, ಒಲಿಂಪಿಕ್ಸ್ ಆರಂಭವಾಯಿತು.

ಜಕಾರ್ತದ ಅದೇ ಸೆನಯಾನ್ ಕ್ರೀಡಾಂಗಣದಲ್ಲಿ 2018ರ ಆಗಸ್ಟಿನಲ್ಲಿ ಮತ್ತೊಮ್ಮೆ ಏಷ್ಯನ್ ಕೂಟ ಆರಂಭವಾದಾಗ ಎರಡು ಕೊರಿಯಗಳ ಆಟಗಾರರೂ ಒಂದೇ ಧ್ವಜದ ಕೆಳಗೆ ಮೆರವಣಿಗೆಯಲ್ಲಿ ಬಂದರು. ದೋಣಿಯ ಸ್ಪರ್ಧೆಯೊಂದರಲ್ಲಿ ಅವರ ಕೂಡುತಂಡ ಚಿನ್ನವನ್ನೂ ಗೆದ್ದಿತು. ಭಾರತದ ಕಾಲ್ಚೆಂಡಿನ ತಂಡ ಮಾತ್ರ ಆ ಕೂಟಕ್ಕೆ ಹೋಗಲಿಲ್ಲ. ಪದಕ ಬರುವ ಸಂಭವವಿಲ್ಲವೆಂದು ನಮ್ಮ ಒಲಿಂಪಿಕ್ ಸಂಸ್ಥೆಯವರು ಕಳುಹಿಸಲಿಲ್ಲ.