ಹವ್ಯಾಸಿಗಳು ಕಟ್ಟಿದ ವಿಮಾನ ದಾಖಲೆ

ವಿಮಾನಗಳ ಚಿತ್ರ ತೆಗೆದು ಅವುಗಳ ಸುದ್ದಿ ಕೂಡಿಡುವ ಹವ್ಯಾಸ ಕರ್ನಾಟಕದಲ್ಲಿ ವಿಮಾನಗಳು ಬಂದು ಎಷ್ಟೋ ದಶಕಗಳಾದ ಮೇಲೆ ಬೇರೂರಿತು. ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜತೆಗೂಡಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ (ಇಂದಿನ ಎಚ್‌ಎಎಲ್) ಕಾರ್ಖಾನೆ ಆರಂಭಿಸಿದ್ದು 1940ರ ಡಿಸೆಂಬರ್‌ನಲ್ಲಿ. ಅದೇ ವರ್ಷ ಸಂಸ್ಥಾನವು ಮೈಸೂರಿನ ಮಂಡಕಳ್ಳಿಯಲ್ಲೂ ವಿಮಾನ ನಿಲ್ದಾಣ ಕಟ್ಟಿಸಿತು. ವಿ.ಎಂ. ಘಾಟಗೆ ರೂಪಿಸಿದ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲಿ ಬೆಂಗಳೂರಿನಿಂದ ಮೇಲೇರಿತು. ಜರ್ಮನಿಯ ಕುರ್ಟ್ ಟ್ಯಾಂಕ್ ನೇತೃತ್ವದಲ್ಲಿ ತಯಾರಾದ ಮರುತ್ ಯುದ್ಧವಿಮಾನ 1961ರ ಜೂನ್ 17ರಂದು ಹಾರಿತು. ಇಂಥ ಗಳಿಗೆಗಳ ಚಿತ್ರ ತೆಗೆಯುವ ಅವಕಾಶ ಹೊರಗಿನವರಿಗೆ ಇರಲಿಲ್ಲ.

ಅದಕ್ಕೆ ಕಾರಣ ಕಾನೂನು. 1937ರ ವಿಮಾನ ನಿಯಮಾವಳಿಯ 13ನೇ ನಿಯಮದ ಪ್ರಕಾರ ಸರ್ಕಾರಿ ವಿಮಾನ ನಿಲ್ದಾಣದಲ್ಲಾಗಲಿ, ಹಾರುತ್ತಿರುವ ವಿಮಾನದಿಂದಾಗಲಿ ಲಿಖಿತ ಅನುಮತಿ ಇಲ್ಲದೆ ಚಿತ್ರ ತೆಗೆಯುವಂತಿರಲಿಲ್ಲ. ಬೆಂಗಳೂರಿನಲ್ಲಿ ಈ ನಿರ್ಬಂಧ ಇನ್ನಷ್ಟು ಬಿಗಿಯಾಗಿತ್ತು. ಪ್ರಯಾಣಿಕರ ವಿಮಾನಗಳೂ ಎಚ್‌ಎಎಲ್‌ನ ಪರೀಕ್ಷಾ ಹಾರಾಟಗಳೂ 2008ರ ಮೇ ತಿಂಗಳವರೆಗೆ ಒಂದೇ ರನ್‌ವೇಯನ್ನು ಬಳಸುತ್ತಿದ್ದವು. ಹಾಗಾಗಿ ಕ್ಯಾಮೆರಾ ಹಿಡಿದು ನಿಂತವನನ್ನು ಪೊಲೀಸರು ಸಂಶಯದಿಂದಲೇ ನೋಡುತ್ತಿದ್ದರು. ಬ್ರಿಟನ್ನಿನಲ್ಲಿ ಹೀಗಿರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ರಾಯಲ್ ಅಬ್ಸರ್ವರ್ ಕೋರ್‌ನ ಸ್ವಯಂಸೇವಕರು ಆಕಾಶ ನೋಡಿ ವಿಮಾನ ಗುರುತಿಸುವುದನ್ನು ದೇಶಸೇವೆಯೆಂದೇ ಮಾಡಿದ್ದರು; ಯುದ್ಧ ಮುಗಿದ ಮೇಲೂ ವಿಮಾನ ನಿಲ್ದಾಣದ ಬೇಲಿ ಪಕ್ಕ ನಿಂತು ಸಂಖ್ಯೆ ಬರೆದುಕೊಳ್ಳುವ ಅಭ್ಯಾಸ ಅಲ್ಲಿ ಉಳಿಯಿತು.

ಕರ್ನಾಟಕದಲ್ಲಿ ಬಾಗಿಲು ತೆರೆದದ್ದು 1996ರಲ್ಲಿ, ಯಲಹಂಕ ವಾಯುನೆಲೆಯಲ್ಲಿ ಏರೋ ಇಂಡಿಯಾ ಪ್ರದರ್ಶನ ಶುರುವಾದಾಗ. ಸಾರ್ವಜನಿಕರಿಗೆ ಮೀಸಲಾದ ದಿನಗಳಲ್ಲಿ ಟಿಕೆಟ್ ಕೊಂಡವರು ಯುದ್ಧವಿಮಾನಗಳನ್ನು ಹತ್ತಿರದಿಂದ ನೋಡಿ ಚಿತ್ರ ತೆಗೆಯುವಂತಾಯಿತು. ಸರಿಸುಮಾರು ಅದೇ ಹೊತ್ತಿಗೆ ಅಂತರ್ಜಾಲ ಮನೆಗಳಿಗೆ ಬರತೊಡಗಿತ್ತು. ಭಾರತೀಯ ಸೇನಾಪಡೆಗಳ ಆಸಕ್ತರು ಸಂಬಳವಿಲ್ಲದೆ ಕಟ್ಟಿದ ‘ಭಾರತ್ ರಕ್ಷಕ್’ ಜಾಲತಾಣ ತೊಂಬತ್ತರ ದಶಕದ ಕೂಸು. ಅದರ ವಾಯುಪಡೆ ವಿಭಾಗವನ್ನು ಬೆಳೆಸಿದ ಪಿ.ವಿ.ಎಸ್. ಜಗನ್ ಮೋಹನ್ ಅವರು ಸಮೀರ್ ಚೋಪ್ರಾ ಜತೆ ಸೇರಿ 1965ರ ಭಾರತ–ಪಾಕಿಸ್ತಾನ ವಾಯುಯುದ್ಧದ ಇತಿಹಾಸವನ್ನೇ ಪುಸ್ತಕವಾಗಿ ತಂದರು. ಹವ್ಯಾಸಿಗಳ ಕೆಲಸ ಗಂಭೀರ ಇತಿಹಾಸವಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಭಾರತದಲ್ಲಿ ಸಿಗುವುದು ಕಷ್ಟ.

ಈ ಕೆಲಸದ ಶಿಸ್ತು ಹೊರಗಿನವರಿಗೆ ಸುಲಭವಾಗಿ ಕಾಣುವುದಿಲ್ಲ. ಭಾರತದ ಪ್ರತಿಯೊಂದು ನಾಗರಿಕ ವಿಮಾನದ ಮೈಮೇಲೆ ‘ವಿಟಿ’ ಎಂದು ಶುರುವಾಗುವ ನೋಂದಣಿ ಅಕ್ಷರಗಳಿರುತ್ತವೆ. ಚಿತ್ರದಲ್ಲಿ ಅವು ಓದುವಂತಿರಬೇಕು. ತೆಗೆದ ದಿನ, ಸ್ಥಳ, ವಿಮಾನದ ಮಾದರಿ ಜತೆಗಿರಬೇಕು. ದೊಡ್ಡ ಅಂತರರಾಷ್ಟ್ರೀಯ ಸಂಗ್ರಹಗಳಲ್ಲಿ ಪರಿಶೀಲಕರೂ ಸ್ವಯಂಸೇವಕರೇ: ದಿಗಂತ ಓರೆಯಾಗಿದ್ದರೆ, ಕ್ಯಾಮೆರಾ ಸೆನ್ಸರಿನ ದೂಳಿನ ಚುಕ್ಕೆ ಆಕಾಶದಲ್ಲಿ ಉಳಿದಿದ್ದರೆ ಚಿತ್ರ ವಾಪಸು ಬರುತ್ತದೆ. ಬಿಸಿಲೇರಿದ ಮೇಲೆ ರನ್‌ವೇಯ ಕಾವಿಗೆ ಚಕ್ರಗಳ ಸುತ್ತ ಗಾಳಿ ನಡುಗಿ ಚಿತ್ರ ಕದಡುವುದರಿಂದ ಹೆಚ್ಚಿನವರು ಬೆಳಗಿನ ಹೊತ್ತನ್ನೇ ಆರಿಸಿಕೊಳ್ಳುತ್ತಾರೆ.

ಇಂಥ ದಾಖಲೆಯ ಬೆಲೆ ಗೊತ್ತಾಗುವುದು ವಿಮಾನ ಕಂಪನಿಗಳು ಮುಚ್ಚಿದ ಮೇಲೆ. ಮಂಡ್ಯ ಜಿಲ್ಲೆಯ ಮೇಲುಕೋಟೆಯಲ್ಲಿ 1951ರಲ್ಲಿ ಹುಟ್ಟಿದ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಸೇನೆ ಬಿಟ್ಟು ಕೃಷಿ ಮಾಡಿ, 1997ರಲ್ಲಿ ಹೆಲಿಕಾಪ್ಟರ್ ಸೇವೆಗೆ ಇಳಿದು, 2003ರ ಆಗಸ್ಟ್‌ನಲ್ಲಿ ಏರ್ ಡೆಕ್ಕನ್ ಆರಂಭಿಸಿದರು. ಹುಬ್ಬಳ್ಳಿಯಂಥ ಊರಿಗೆ ಅದರ ಎಟಿಆರ್ ವಿಮಾನಗಳು ಹಾರಿದವು, ಆರ್.ಕೆ. ಲಕ್ಷ್ಮಣರ ವ್ಯಂಗ್ಯಚಿತ್ರದ ಶ್ರೀಸಾಮಾನ್ಯ ಅದರ ಗುರುತಾಗಿದ್ದ. 2008ರ ಹೊತ್ತಿಗೆ ಕಂಪನಿ ಕಿಂಗ್‌ಫಿಶರ್ ಏರ್‌ಲೈನ್ಸ್‌ನಲ್ಲಿ ಕರಗಿತು, 2012ರ ಅಕ್ಟೋಬರ್‌ನಲ್ಲಿ ಕಿಂಗ್‌ಫಿಶರ್ ಕೂಡ ನೆಲಕಚ್ಚಿತು. 2010ರ ಅಕ್ಟೋಬರ್‌ನಲ್ಲಿ ಮಂಡಕಳ್ಳಿಗೆ ಪ್ರಯಾಣಿಕರನ್ನು ತಂದಿಳಿಸಿದ್ದೂ ಇದೇ ಕಿಂಗ್‌ಫಿಶರ್. ಈ ಕಂಪನಿಗಳ ವಿಮಾನಗಳು ಬೇರೆ ಬೇರೆ ದೇಶಗಳ ಪಾಲಾಗಿ ಬೇರೆ ಬಣ್ಣ ಬಳಿದುಕೊಂಡವು. ಯಾವ ವಿಮಾನ ಯಾವ ಬಣ್ಣದಲ್ಲಿ ಯಾವ ನಿಲ್ದಾಣದಲ್ಲಿತ್ತು ಎಂಬುದು ಇಂದು ಚಿತ್ರಸಮೇತ ಸಿಗುತ್ತಿದ್ದರೆ ಅದು ಬಹುಪಾಲು ಈ ಹವ್ಯಾಸಿಗಳ ಕೃಪೆ.

ಕಾನೂನು ನಿಧಾನವಾಗಿ ಸಡಿಲವಾಯಿತು. 2004ರ ಡಿಸೆಂಬರ್‌ನಲ್ಲಿ ಪ್ರಯಾಣಿಕರಿಗೆ ವಿಮಾನದೊಳಗಿನಿಂದ ಚಿತ್ರ ತೆಗೆಯಲು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಅವಕಾಶ ಕೊಟ್ಟಿತು. ಆದರೂ ಭಯ ಪೂರ್ತಿ ಹೋಗಲಿಲ್ಲ. 2010ರಲ್ಲಿ ದೆಹಲಿ ವಿಮಾನ ನಿಲ್ದಾಣದ ಬಳಿಯ ಹೋಟೆಲಿನಿಂದ ವಿಮಾನ ನೋಡುತ್ತಿದ್ದ ಇಬ್ಬರು ಬ್ರಿಟಿಷ್ ಹವ್ಯಾಸಿಗಳು ಬಂಧನಕ್ಕೊಳಗಾದರು. ಬೆಂಗಳೂರಿನ ನಾಗರಿಕ ವಿಮಾನಯಾನ 2008ರ ಮೇ 24ರಂದು ದೇವನಹಳ್ಳಿಯ ಹೊಸ ನಿಲ್ದಾಣಕ್ಕೆ ಹೋದಾಗ ಹವ್ಯಾಸಿಗಳೂ ನಗರ ದಾಟಿ ಅತ್ತ ಹೊರಳಿದರು. 2022ರ ಅಕ್ಟೋಬರ್ 14ರಂದು ಎಮಿರೇಟ್ಸ್‌ನ ಎ380 ಅಲ್ಲಿ ಇಳಿಯಿತು. ಈ ಬೃಹತ್ ಎರಡಂತಸ್ತಿನ ವಿಮಾನ ಆ ನಿಲ್ದಾಣಕ್ಕೆ ಬಂದದ್ದು ಅದೇ ಮೊದಲು.

ಇತ್ತೀಚೆಗೆ ಕ್ಯಾಮೆರಾದ ಜತೆಗೆ ಆಂಟೆನಾವೂ ಸೇರಿದೆ. ಇಂದಿನ ವಿಮಾನಗಳು ತಮ್ಮ ಗುರುತು, ಎತ್ತರ, ವೇಗವನ್ನು 1090 ಮೆಗಾಹರ್ಟ್ಸ್ ಕಂಪನಾಂಕದಲ್ಲಿ ತಾವೇ ಸಾರುತ್ತಾ ಹೋಗುತ್ತವೆ. ತಾರಸಿಯ ಮೇಲಿನ ಚಿಕ್ಕ ಆಂಟೆನಾ, ಒಂದು ಅಗ್ಗದ ರಿಸೀವರ್ ಇದ್ದರೆ ಅದನ್ನು ಹಿಡಿಯಬಹುದು. ಎತ್ತರದಲ್ಲಿ ಹಾರುವ ವಿಮಾನ ಮುನ್ನೂರು ಕಿಲೋಮೀಟರ್ ದೂರದಿಂದಲೂ ಕೇಳಿಸುತ್ತದೆ, ಅಡ್ಡಲಾಗಿ ಬೆಟ್ಟ ಇರಬಾರದು ಅಷ್ಟೆ. ಸ್ವೀಡನ್ನಿನ ಇಬ್ಬರು ಹವ್ಯಾಸಿಗಳು 2006ರಲ್ಲಿ ಶುರುಮಾಡಿದ ಫ್ಲೈಟ್‌ರಾಡಾರ್24 ಇಂಥ ಸ್ವಯಂಸೇವಕರ ಆಂಟೆನಾಗಳನ್ನು ನೆಚ್ಚಿಕೊಂಡೇ ಜಗತ್ತಿನಾದ್ಯಂತ ಹರಡಿತು. ಬೆಂಗಳೂರು, ಮೈಸೂರುಗಳ ನಡುವಿನ ಮಂಡ್ಯದ ಬಯಲು ಸೀಮೆ ಈ ಕೆಲಸಕ್ಕೆ ಹೇಳಿ ಮಾಡಿಸಿದ ಜಾಗ.

ಎಚ್‌ಟಿ-2, ಮರುತ್‌ಗಳ ಕಾಲದ ಖಾಸಗಿ ಚಿತ್ರಗಳು ಮಾತ್ರ ಇನ್ನೂ ವಿರಳ. ಕಾರ್ಖಾನೆಯಲ್ಲಿ ದುಡಿದವರ, ವಾಯುಪಡೆಯಲ್ಲಿದ್ದವರ ಮನೆಗಳಲ್ಲಿ ಅಂಥ ಫೋಟೊಗಳಿದ್ದರೆ ಅವುಗಳ ಹಿಂದೆ ವರ್ಷ, ಸ್ಥಳ, ವಿಮಾನದ ಸಂಖ್ಯೆಯನ್ನು ಗೊತ್ತಿರುವವರು ಇರುವಾಗಲೇ ಬರೆದಿಡಬೇಕು.